ಬರ್ತೀನಿ ಅಂದವನು ಬಂದಾಗ: ಮನೆಗೆ ಮರಳುವ ವೀರನ ಕತೆ ಬರೆಯುವ ಬಗೆ

ಕನ್ನಡದಲ್ಲಿ ಮನೆಬಿಟ್ಟು ಹೊರಡುವವರು 'ಹೋಗ್ತೀನಿ' ಅನ್ನುವುದಿಲ್ಲ. ಅಂದರೆ ಬಾಗಿಲಲ್ಲಿ ನಿಂತ ಅಜ್ಜಿ ಗದರುತ್ತಾಳೆ: 'ಬಿಡ್ತು ಅನ್ನು, ಹೋಗಿಬರ್ತೀನಿ ಅನ್ನು.' ಸಂತೆಗೆ ಹೊರಟವನಿಗೂ ಇದೇ ಮಾತು, ಏಳು ಸಮುದ್ರದಾಚೆ ರಾಕ್ಷಸನ ಜೀವ ಅಡಗಿರುವ ಗಿಳಿಯನ್ನು ಹುಡುಕಿ ಹೊರಟವನಿಗೂ ಇದೇ ಮಾತು. ಆದರೆ ಅದೇ ಅಜ್ಜಿ ಕತೆ ಹೇಳಲು ಕೂತರೆ ಹೋದದ್ದನ್ನು ರಾತ್ರಿಯೆಲ್ಲಾ ಹೇಳಿ, ಬಂದದ್ದನ್ನು ಒಂದೇ ಉಸಿರಿಗೆ ಮುಗಿಸುತ್ತಾಳೆ. ಬಂದ, ಮದುವೆಯಾದ, ಅವರು ಅಲ್ಲಿ ಸುಖವಾಗಿದ್ದಾರೆ, ನಾವು ಇಲ್ಲಿ ಸುಖವಾಗಿದ್ದೇವೆ, ಮಲಕ್ಕೋ ಇನ್ನು.

ಕಲ್ಲಿನಲ್ಲೂ ಹೀಗೆಯೇ. ನಮ್ಮ ಊರೂರಲ್ಲಿ ಸಿಗುವ ವೀರಗಲ್ಲುಗಳನ್ನು ನೋಡಿ. ಸಾಮಾನ್ಯವಾಗಿ ಮೂರು ಪಟ್ಟಿಕೆ: ಕೆಳಗೆ ಕಾದಾಟ, ನಡುವೆ ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದೊಯ್ಯುವುದು, ತುದಿಯಲ್ಲಿ ಶಿವಲಿಂಗದ ಮುಂದೆ ಕೈಮುಗಿದ ವೀರ. ತುರು ಬಿಡಿಸಲು ಹೋಗಿ ಸತ್ತವನಿಗೆ ಕಲ್ಲುಂಟು. ತುರು ಬಿಡಿಸಿಕೊಂಡು ಬದುಕಿ ಬಂದವನಿಗೆ? ಮರುದಿನ ಅವನು ಎಷ್ಟು ಹೊತ್ತಿಗೆ ಎದ್ದ, ಹೆಂಡತಿ ಏನಂದಳು, ನಿದ್ದೆಯಲ್ಲಿ ಕೂಗಿಕೊಂಡನೇ, ಇದನ್ನು ಯಾರೂ ಕೆತ್ತಲಿಲ್ಲ. ಆ ನಾಲ್ಕನೇ ಪಟ್ಟಿಕೆಯನ್ನು ಬರೆಯಬೇಕು ಅನ್ನಿಸಿದವರಿಗೆ ಈ ಬರಹ.

ಇದಕ್ಕೆ ಹತ್ತಿರ ಬರುವ ಒಂದು ಕಲ್ಲು ನನಗೆ ಬಹಳ ಇಷ್ಟ. ಮಂಡ್ಯ ಜಿಲ್ಲೆಯ ಆತಕೂರಿನದು, ಕ್ರಿ.ಶ. 949-50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನ ಪರ ನಿಂತ ಗಂಗರ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದ. ಬೂತುಗನ ಕಡೆಯ ಒಬ್ಬ ವೀರ ಮಣಲೆರ. ಒಡೆಯ ಮೆಚ್ಚಿ 'ಬೇಕಾದ್ದು ಕೇಳು' ಅಂದಾಗ ಇವನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ನಾಯಿಯನ್ನು. ಆಮೇಲೆ ಕಾಳಿ ಕಾಡುಹಂದಿಯೊಂದರ ಮೇಲೆ ಬಿತ್ತು, ನಾಯಿ ಹಂದಿ ಎರಡೂ ಸತ್ತವು. ಅದಕ್ಕೊಂದು ಕಲ್ಲು ನಿಂತಿತು. ಸಾಮ್ರಾಜ್ಯಗಳ ಯುದ್ಧ ಆ ಶಾಸನದಲ್ಲೇ ಇದೆ, ಆದರೆ ಕಲ್ಲು ನಿಂತಿರುವುದು ನಾಯಿಗೆ. ನಿಮ್ಮ ಕತೆಯ ಅಳತೆಗೋಲು ಇದಾಗಲಿ.

ಬರೆಯುವ ಕ್ರಮ ತೋರಿಸಲು ನನ್ನದೇ ಒಂದು ಕತೆಯನ್ನು ಪಕ್ಕದಲ್ಲಿಟ್ಟುಕೊಳ್ಳುತ್ತೇನೆ. ನಾಲ್ಕು ಸಲ ಬರೆದು ಮೂರು ಸಲ ಹರಿದ ಕತೆ, ಹಾಗಾಗಿ ಅದರ ಹುಳುಕೆಲ್ಲ ನನಗೆ ಗೊತ್ತು. ನಾಯಕನ ಹೆಸರು ಬೀರ. ಮಳೆಯನ್ನು ನುಂಗಿ ಮಲಗಿದ್ದ ಸರ್ಪವನ್ನು ಕೊಂದು ಒಂಬತ್ತು ವರ್ಷದ ಮೇಲೆ ಮನೆಗೆ ಬರುತ್ತಾನೆ. ಮನೆಯಲ್ಲಿ ಅವ್ವ ಹೊನ್ನಮ್ಮ, ತಮ್ಮ ಕರಿಯ, ಕರಿಯನ ಹೆಂಡತಿ, ಒಂದು ಕೂಸು, ಒಂದು ಕೋಳಿ. ಕತೆ ಆ ಕೋಳಿಯದು ಅಂತ ಗೊತ್ತಾಗಲು ನನಗೆ ಮೂರು ಕರಡು ಬೇಕಾಯಿತು.

ಹೆಜ್ಜೆ 1: ವೀರನನ್ನು ಹೊರಗೆ ನಿಲ್ಲಿಸಿ, ಮೊದಲು ಮನೆ ಕಟ್ಟಿ

ಹೊಸದಾಗಿ ಬರೆಯುವವರು ಮೊದಲು ಮಾಡುವ ಕೆಲಸ ಖಡ್ಗಕ್ಕೆ ಹೆಸರಿಡುವುದು. ಆಮೇಲೆ ಏಳು ಬೆಟ್ಟಗಳ ನಕ್ಷೆ, ಮೂರು ರಾಜವಂಶ, ಮಾಯಾವಿಗಳ ಜಾತಿವಿಂಗಡಣೆ. ಇಷ್ಟೆಲ್ಲ ಆಗುವ ಹೊತ್ತಿಗೆ ಮನೆಗೆ ಉಳಿಯುವುದು 'ಒಂದು ಪುಟ್ಟ ಗುಡಿಸಲು' ಎಂಬ ಮೂರು ಪದ. ಮರಳುವ ಕತೆಯಲ್ಲಿ ಇದು ತಲೆಕೆಳಗು. ಓದುವವರು ಖಡ್ಗವನ್ನು ನಂಬುವುದು ಗುಡಿಸಲನ್ನು ನಂಬಿದ ಮೇಲೆ.

ಒಂದು ಹಾಳೆ ತೆಗೆದುಕೊಂಡು ಮನೆಯ ಬಗ್ಗೆ ಬರೆಯಿರಿ. ಬಾಗಿಲು ಯಾವ ದಿಕ್ಕಿಗೆ? ನೀರು ಎಲ್ಲಿಂದ ಬರುತ್ತೆ, ಯಾರು ಹೊರುತ್ತಾರೆ? ಬೇಸಗೆಯ ಕೊನೆಗೆ ಅಡುಗೆಮನೆಯಲ್ಲಿ ಕಟ್ಟಕಡೆಗೆ ಉಳಿಯುವ ಪದಾರ್ಥ ಯಾವುದು? ರಾತ್ರಿ ಯಾರು ಎಲ್ಲಿ ಮಲಗುತ್ತಾರೆ? ವೀರ ಬಿಟ್ಟುಹೋದ ಸಾಮಾನಿನಲ್ಲಿ ಯಾವುದನ್ನು ಮಾರಿದರು, ಯಾವುದನ್ನು ಮಾರಲಾರದೆ ಅಟ್ಟಕ್ಕೆ ಹಾಕಿದರು? ಈ ಕೊನೆಯ ಪ್ರಶ್ನೆಯ ಉತ್ತರದಲ್ಲಿ ಅರ್ಧ ಕತೆ ಇರುತ್ತದೆ. ಬೀರನ ಮನೆಯಲ್ಲಿ ಅವನ ಕಂಬಳಿ ಮಾರಿದರು, ಬುಗುರಿ ಉಳಿಯಿತು. ಬುಗುರಿಗೆ ಯಾರು ದುಡ್ಡು ಕೊಡುತ್ತಾರೆ ಅಂತ ತಮ್ಮ ಹೇಳುತ್ತಾನೆ. ಅವ್ವ ಮಾತಾಡುವುದಿಲ್ಲ.

ಇಲ್ಲಿ ಒಂದು ನಿಯಮ ಇಟ್ಟುಕೊಂಡಿದ್ದೇನೆ: ಹೋದವನ ಜಾಗ ಖಾಲಿ ಇರಬಾರದು. ಬೀರ ಪಡಸಾಲೆಯಲ್ಲಿ ರಾಗಿ ವಾಡೆಯ ಪಕ್ಕ ಮಲಗುತ್ತಿದ್ದ. ಈಗ ಅಲ್ಲಿ ಕೂಸಿನ ತೊಟ್ಟಿಲು ತೂಗುತ್ತಿದೆ. ಯಾರೂ ಅವನನ್ನು ಹೊರಗೆ ಹಾಕಿಲ್ಲ, ಬದುಕು ಹರಡಿಕೊಂಡಿದೆ ಅಷ್ಟೆ. ಮೊದಲ ರಾತ್ರಿ ಅವನು ಎಲ್ಲಿ ಚಾಪೆ ಹಾಸುತ್ತಾನೆ ಎಂಬ ಪ್ರಶ್ನೆಗೇ ಒಂದು ದೃಶ್ಯ ಸಿಕ್ಕಿತು.

ಜಾಗ ಖಾಲಿ ಇರಲೇಬೇಕು ಅಂತಾದರೆ ಅದನ್ನು ಖಾಲಿ ಇಟ್ಟವರ ಬೆವರನ್ನು ತೋರಿಸಿ. ರಾಮ ಹೋದ ಮೇಲೆ ಅಯೋಧ್ಯೆಯ ಸಿಂಹಾಸನ ಹದಿನಾಲ್ಕು ವರ್ಷ ಸುಮ್ಮನೆ ಖಾಲಿ ಬಿದ್ದಿರಲಿಲ್ಲ. ಪಾದುಕೆಗಳನ್ನು ಮುಂದಿಟ್ಟುಕೊಂಡು, ಜಟೆ ಬಿಟ್ಟು, ನಾರುಮಡಿ ಉಟ್ಟು, ನಂದಿಗ್ರಾಮದಲ್ಲಿ ಕೂತು ಭರತ ಆ ಖಾಲಿಯನ್ನು ಕಾದ. ಕಾಡಿಗೆ ಹೋದವನಷ್ಟೇ ವನವಾಸ ಉಳಿದವನೂ ಮಾಡಿದ. ನಿಮ್ಮ ಕತೆಯಲ್ಲಿ ಆ ಕೆಲಸ ಮಾಡಿದವರು ಯಾರು?

ಮರಳುವವಳು ಹೆಣ್ಣಾದರೆ ಈ ಹೆಜ್ಜೆಯಲ್ಲೇ ಇನ್ನೊಂದು ದೊಡ್ಡ ಪ್ರಶ್ನೆ ಏಳುತ್ತದೆ: ಯಾವ ಮನೆಗೆ? ತವರಿಗೋ, ಗಂಡನ ಮನೆಗೋ? ಗಂಡಸು ವೀರನಿಗೆ ಈ ತೊಡಕೇ ಇಲ್ಲ. ಅರಮನೆಯ ಶಾಪ ಬಿಡಿಸಿ ಬಂದ ಹೆಣ್ಣು ಕವಲುದಾರಿಯಲ್ಲಿ ನಿಂತು ಎಡಕ್ಕೆ ಹೋಗಲೋ ಬಲಕ್ಕೆ ಹೋಗಲೋ ಅಂತ ನೋಡುವುದರಲ್ಲೇ ಒಂದಿಡೀ ಸಣ್ಣಕತೆ ಇದೆ. ಎರಡೂ ಮನೆಯಲ್ಲಿ ಅವಳನ್ನು 'ಬಂದವಳು' ಅಂತಲೇ ಕರೆಯುತ್ತಾರೆ. ಯಾರಾದರೂ ಬರೆಯಿರಿ, ನಾನಂತೂ ಓದುತ್ತೇನೆ.

ಹೆಜ್ಜೆ 2: ಎರಡು ಪಂಚಾಂಗ

ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ವೀರನ ವರ್ಷಗಳು, ಬಲಕ್ಕೆ ಮನೆಯ ವರ್ಷಗಳು. ಎಡಗಡೆ ವರ್ಷಕ್ಕೊಂದು ಸಾಲು ಸಾಕು. ಬಲಗಡೆ ಮಳೆ, ಸಾಲ, ಸಾವು, ಮದುವೆ, ಹಸು ಕರು ಹಾಕಿದ್ದು, ಜಗಳ, ಎಲ್ಲ ಬೇಕು.

ಲೆಕ್ಕ ಬಿಗಿಯಾಗಿರಲಿ. ಗ್ರೀಕರ ಒಡಿಸ್ಯೂಸ್ ಟ್ರಾಯ್‌ನಲ್ಲಿ ಹತ್ತು ವರ್ಷ ಕಾದಾಡಿ, ದಾರಿಯಲ್ಲಿ ಇನ್ನೂ ಹತ್ತು ವರ್ಷ ಕಳೆದು ಇಥಾಕಾಗೆ ಬಂದ. ಹೊರಟಾಗ ಎಳೆಗೂಸಾಗಿದ್ದ ಮಗ ಟೆಲಿಮಾಕಸ್ ಅವನು ಬರುವಾಗ ಇಪ್ಪತ್ತರ ಯುವಕ. ಅಪ್ಪ-ಮಗನ ನಡುವೆ ಏನೇನು ನಡೆದಿಲ್ಲ ಅನ್ನುವುದು ಆ ಒಂದು ಅಂಕಿಯಿಂದಲೇ ಗೊತ್ತಾಗುತ್ತದೆ. (ಅವನ ನಾಯಿ ಆರ್ಗೋಸ್ ಕೂಡ ಇಪ್ಪತ್ತು ವರ್ಷ ದಾಟಿರಬೇಕು. ನಾಯಿಗೆ ಅಷ್ಟು ಆಯಸ್ಸು ಬಹಳ ಅಪರೂಪ. ಆದರೂ ತಿಪ್ಪೆಯ ಮೇಲೆ ಬಿದ್ದಿದ್ದ ಆ ಮುದಿನಾಯಿ ಒಡೆಯನನ್ನು ಕಂಡು ಬಾಲ ಆಡಿಸಿ ಸಾಯುವಾಗ ಯಾರೂ ಲೆಕ್ಕ ಕೇಳುವುದಿಲ್ಲ. ಇಂಥ ರಿಯಾಯಿತಿ ಒಂದು ಕತೆಗೆ ಒಂದು ಸಲ ಸಿಗುತ್ತದೆ, ಜೋಪಾನವಾಗಿ ಖರ್ಚು ಮಾಡಿ.)

ನನ್ನ ಮೊದಲ ಕರಡಿನಲ್ಲಿ ಬೀರ ಹೊರಡುವಾಗ ಮರಿಯಾಗಿದ್ದ ಕೋಳಿ ಅವನು ಬರುವಾಗಲೂ ಮೊಟ್ಟೆ ಇಡುತ್ತಿತ್ತು. ಓದಿದ ಗೆಳತಿಯೊಬ್ಬಳು, ಕೋಳಿ ಸಾಕಿದವಳು, ನಕ್ಕುಬಿಟ್ಟಳು. ಈಗ ಆ ಕೋಳಿಗೆ ಆರು ವರ್ಷ. ಸೊಸೆ ತವರಿನಿಂದ ತಂದ ಮರಿ. ಮೊಟ್ಟೆ ನಿಂತು ಕಾಲವಾಗಿದೆ, ಮಾಂಸ ಬೇಯಲು ಅರ್ಧ ದಿನ ಬೇಕು. ಈ ಲೆಕ್ಕ ಸರಿಮಾಡಿದ್ದರಿಂದ ಕತೆಗೆ ಲಾಭವೇ ಆಯಿತು: ಮೊಟ್ಟೆ ಇಡದ ಕೋಳಿಯನ್ನು ಇಷ್ಟು ವರ್ಷ ಯಾಕೆ ಕೊಯ್ಯಲಿಲ್ಲ ಎಂಬ ಪ್ರಶ್ನೆ ಹುಟ್ಟಿತು.

ಎರಡೂ ಕಡೆ ಬರೆದಾದ ಮೇಲೆ ಗೆರೆಯ ಮೇಲೆ ಕಣ್ಣಾಡಿಸಿ. ಎಡದ ಯಾವುದೋ ಒಂದು ಸಾಲು ಬಲದ ಯಾವುದೋ ಒಂದು ಸಾಲಿಗೆ ತಾಗಬೇಕು. ಬೀರ ಸರ್ಪದ ಹೊಟ್ಟೆ ಸೀಳಿ ಮಳೆ ಬಿಡಿಸಿದ್ದು ಮೂರನೇ ವರ್ಷ. ಅದೇ ವರ್ಷ ಊರಲ್ಲಿ ಹನ್ನೊಂದು ದಿನ ಬಿಡದೆ ಸುರಿದು ಮಣ್ಣಿನ ಗೋಡೆ ನೆನೆದು ಕುಸಿಯಿತು, ಅದರಡಿ ಅಪ್ಪ ಹೋದ. ಮನೆಯವರಿಗೆ ಅದು 'ಆ ಹಾಳು ಮಳೆ ಬಂದ ವರ್ಷ.' ಆ ಮಳೆ ಯಾರು ತಂದದ್ದು ಅಂತ ಗೊತ್ತಿರುವುದು ಬೀರನೊಬ್ಬನಿಗೆ. ಇದನ್ನು ಕತೆಯಲ್ಲಿ ಎರಡೇ ಸಾಲಿನಲ್ಲಿ ಮುಗಿಸಿದ್ದೇನೆ. ತಮ್ಮ ಹೇಳುತ್ತಾನೆ, ಇವನು ಕೈಲಿದ್ದ ಲೋಟ ಕೆಳಗಿಡುತ್ತಾನೆ. ಇನ್ನೂ ಒಂದು ಸಾಲು ಹೆಚ್ಚು ಬರೆದಿದ್ದರೆ ಅದು ನಾಟಕವಾಗುತ್ತಿತ್ತು.

ಕಾಲವೇ ಬೇರೆಬೇರೆ ವೇಗದಲ್ಲಿ ಓಡುವ ಕತೆ ಬರೆಯುವ ಆಸೆ ಬಹಳ ಜನಕ್ಕೆ. ಐರ್ಲೆಂಡಿನ ಓಶೀನ್ ಚಿರಯೌವನದ ನಾಡಿನಲ್ಲಿ ಮೂರು ವರ್ಷ ಇದ್ದೆ ಅಂದುಕೊಂಡು ಬಂದರೆ ಇಲ್ಲಿ ಮುನ್ನೂರು ವರ್ಷ ಕಳೆದಿತ್ತು. ಕುದುರೆಯಿಂದ ಬಿದ್ದು ನೆಲ ಮುಟ್ಟಿದ ಕೂಡಲೇ ಮುದುಕನಾದ. ಜಪಾನಿನ ಬೆಸ್ತ ಉರಾಶಿಮಾ ತಾರೋ ಕಡಲಡಿಯ ಅರಮನೆಯಿಂದ ಬಂದು, ತೆರೆಯಬಾರದ ಪೆಟ್ಟಿಗೆ ತೆರೆದು, ಅವನೂ ಮುದುಕನಾದ. ನಮ್ಮ ಪುರಾಣದ ಕಕುದ್ಮಿ ಇವರಿಬ್ಬರನ್ನೂ ಮೀರಿಸಿದವನು. ಮಗಳು ರೇವತಿಗೆ ವರ ಯಾರೆಂದು ಕೇಳಲು ಬ್ರಹ್ಮನ ಸಭೆಗೆ ಹೋದ, ಅಲ್ಲಿ ಸಂಗೀತ ನಡೆಯುತ್ತಿತ್ತು, ಮುಗಿಯಲಿ ಅಂತ ಕಾದ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಉರುಳಿದ್ದವು. ಮನಸ್ಸಲ್ಲಿಟ್ಟುಕೊಂಡಿದ್ದ ವರಗಳಿರಲಿ, ಅವರ ವಂಶದ ಹೆಸರೂ ಉಳಿದಿರಲಿಲ್ಲ. ಕೊನೆಗೆ ರೇವತಿ ಬಲರಾಮನ ಹೆಂಡತಿಯಾದಳು. ಇಂಥ ಕತೆಯಲ್ಲಿ ತೊಡಕೇನೆಂದರೆ ಮನೆಯೇ ಉಳಿದಿರುವುದಿಲ್ಲ, ಬೈಯಲಿಕ್ಕೂ ಯಾರೂ ಇರುವುದಿಲ್ಲ. ಆಗ ಕತೆ ಪೂರ್ತಿ ಒಂದೇ ಒಂದು ಕ್ರಿಯೆಯ ಮೇಲೆ ನಿಲ್ಲಬೇಕಾಗುತ್ತದೆ. ಪೆಟ್ಟಿಗೆ ತೆರೆಯುವುದು, ನೆಲ ಮುಟ್ಟುವುದು, ಅಷ್ಟೆ. ಮೊದಲ ಕತೆಗೆ ಒಂಬತ್ತು ವರ್ಷ, ಹನ್ನೆರಡು ವರ್ಷ ಸಾಕು.

ಹೆಜ್ಜೆ 3: ಮಾಯೆಯ ಜಮಾಖರ್ಚು

ವೀರ ಹೊರಗಿನಿಂದ ಏನು ತಂದ, ಅದಕ್ಕೆ ಬದಲಾಗಿ ಏನು ಕೊಟ್ಟ, ಇವೆರಡನ್ನೂ ಒಂದೊಂದೇ ಪದದಲ್ಲಿ ಬರೆಯಿರಿ. ಒಂದು ಪದಕ್ಕಿಂತ ಹೆಚ್ಚಾದರೆ ನಿಮ್ಮ ಮಾಯೆ ಸಡಿಲವಾಗಿದೆ ಅಂತ ಅರ್ಥ. ಬೀರನದು: ತಂದದ್ದು ಹಕ್ಕಿಮಾತು, ಕೊಟ್ಟದ್ದು ಉಪ್ಪು. ಸರ್ಪದ ಗುಟ್ಟು ಹಕ್ಕಿಗಳಿಗಷ್ಟೇ ಗೊತ್ತಿತ್ತು. ಅವುಗಳ ಮಾತು ತಿಳಿಯಬೇಕಾದರೆ ನಾಲಿಗೆಯಿಂದ ಒಂದು ರುಚಿ ಕೊಡಬೇಕಿತ್ತು. ಯೌವನದ ಉತ್ಸಾಹದಲ್ಲಿ ಅವನಿಗೆ ಉಪ್ಪು ಅಗ್ಗ ಅನ್ನಿಸಿತು.

ಇದು ನನಗೆ ಹೊಳೆದದ್ದು ಗಾದೆಯೊಂದರಿಂದ. 'ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ.' ಉಪ್ಪು ಹೋದರೆ ತಾಯಿಯ ಗತಿ ಏನು ಅಂತ ಯೋಚಿಸಿದೆ. ಗಾದೆಯನ್ನು ಅಕ್ಷರಶಃ ತೆಗೆದುಕೊಂಡು ಅದರ ಒಂದು ಕಾಲು ಮುರಿಯುವುದು ಮಾಯಾಕತೆಗೆ ಒಳ್ಳೆಯ ದಾರಿ. ಗಾದೆ ಮಾತ್ರ ಕತೆಯೊಳಗೆ ಎಲ್ಲೂ ಕಾಣಿಸಬಾರದು. ಕಂಡರೆ ಶಾಲೆಯ ಗಾದೆ ವಿಸ್ತರಣೆಯಾಗುತ್ತದೆ.

ತಂದ ಶಕ್ತಿ ಮನೆಯಲ್ಲೂ ಕೆಲಸ ಮಾಡಬೇಕು, ಆದರೆ ತಪ್ಪು ಜಾಗದಲ್ಲಿ. ಬೆಂಕಿಯುಗುಳುವ ಖಡ್ಗದಿಂದ ಒಲೆ ಹೊತ್ತಿಸಬಹುದೇ? ಅದೃಶ್ಯನಾಗುವವನು ಮನೆಯಲ್ಲಿ ಏನು ಮಾಡಿಯಾನು, ತನ್ನ ಬಗ್ಗೆ ಏನಾಡಿಕೊಳ್ಳುತ್ತಾರೆ ಅಂತ ಕದ್ದು ಕೇಳಿಯಾನು. ಶಕ್ತಿ ಅಡುಗೆಮನೆಯವರೆಗೆ ಬರಲಿ. ಇಲ್ಲವೇ ಉಲ್ಟಾ ದಾರಿಯೂ ಇದೆ: ಬೇಕಾದ ಹೊತ್ತಿಗೆ ಅದು ಕೈಕೊಡುವುದು. ಕೃಷ್ಣ ಹೋದ ಮೇಲೆ ದ್ವಾರಕೆಯ ಹೆಂಗಸರು ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದ ಅರ್ಜುನನನ್ನು ದೊಣ್ಣೆ ಹಿಡಿದ ಆಭೀರರು ಅಡ್ಡಗಟ್ಟುತ್ತಾರೆ. ಗಾಂಡೀವಕ್ಕೆ ಹೆದೆ ಏರಿಸಲೇ ಏದುಸಿರು ಬರುತ್ತದೆ, ಅಸ್ತ್ರಗಳು ನೆನಪಿಗೇ ಬರುವುದಿಲ್ಲ. ಕುರುಕ್ಷೇತ್ರ ಗೆದ್ದವನು ದಾರಿಗಳ್ಳರ ಮುಂದೆ ಸೋಲುತ್ತಾನೆ. ಮಹಾಭಾರತದ ಅಷ್ಟೂ ಯುದ್ಧಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ.

ಬೀರನ ವಿಷಯಕ್ಕೆ ಬರೋಣ. ಮಗ ಬಂದ ಖುಷಿಗೆ ಅವ್ವ ಕೋಳಿ ಕೊಯ್ಯಲು ಹೊರಡುತ್ತಾಳೆ. ಮನೆಯಲ್ಲಿರುವುದು ಅದೊಂದೇ. ಬೀರನಿಗೆ ಕೋಳಿಯ ಮಾತು ಕೇಳಿಸುತ್ತದೆ. ಎರಡನೇ ಕರಡಿನಲ್ಲಿ ಕೋಳಿ ಪ್ರಾಣಭಿಕ್ಷೆ ಬೇಡುತ್ತಿತ್ತು, ಯಾವುದೋ ಹಳೇ ಸಿನಿಮಾದ ಹಾಗೆ. ಈಗ ಅದು ಏನೂ ಬೇಡುವುದಿಲ್ಲ. ಬಿದಿರು ಕುಕ್ಕೆಯೊಳಗೆ ಕೂತು ತನ್ನ ಪಾಡಿಗೆ ಆ ದಿನದ ಲೆಕ್ಕ ಒಪ್ಪಿಸಿಕೊಳ್ಳುತ್ತಿರುತ್ತದೆ: ಮುದುಕಿ ಇವತ್ತು ಅಳಲಿಲ್ಲ. ಮುದುಕಿ ಇವತ್ತು ಒಳ್ಳೇ ಸೀರೆ ಉಟ್ಟಳು. ಮುದುಕಿ ಇವತ್ತು ನನ್ನ ಹತ್ತಿರ ಮಾತಾಡಲಿಲ್ಲ.

ಆರು ವರ್ಷದಿಂದ ಅವ್ವ ಯಾರ ಹತ್ತಿರ ಮಾತಾಡುತ್ತಿದ್ದಳು ಅಂತ ಮಗನಿಗೆ ಆಗ ಗೊತ್ತಾಗುತ್ತದೆ. ಅವನು 'ಕೋಳಿ ಬ್ಯಾಡ ಕಣವ್ವ, ಸೊಪ್ಪಿನ ಸಾರೇ ಸಾಕು' ಅನ್ನುತ್ತಾನೆ. ಅವ್ವನಿಗೆ ಕೇಳಿಸುವುದು ಬೇರೆಯೇ: 'ಆಗಲಪ್ಪ, ಅರಮನೇಲಿ ಉಂಡೋನು, ನಮ್ಮನೆ ಮುದಿ ಕೋಳಿ ಎಲ್ಲಿ ಸೇರೀತು.'

ಮೊದಲ ಕರಡಿನಲ್ಲಿ ಮಾತಾಡುವ ಖಡ್ಗವೂ ಇತ್ತು. ಚೆನ್ನಾಗಿಯೇ ಮಾತಾಡುತ್ತಿತ್ತು, ಅದೇ ಕಾರಣಕ್ಕೆ ತೆಗೆದೆ. ಒಂದು ಸಣ್ಣಕತೆಗೆ ಒಂದು ಕೊಡು-ಕೊಳ್ಳು ಸಾಕು.

ಹೆಜ್ಜೆ 4: ಸಾಹಸ ಎಷ್ಟು ಬೇಕು

ಎರಡು ಸಾವಿರ ಪದದ ಕತೆಯಲ್ಲಿ ಇನ್ನೂರು ಪದ ಮೀರದಿರಲಿ. ಅದೂ ಒಟ್ಟಿಗೆ ಬೇಡ, ಚೂರುಚೂರಾಗಿ, ಯಾರೋ ಕೇಳಿದ್ದಕ್ಕೆ ಉತ್ತರವಾಗಿ ಬರಲಿ. ಪಕ್ಕದ ಮನೆ ಹುಡುಗ 'ಹಾವು ಎಷ್ಟುದ್ದ ಇತ್ತು?' ಅಂತಾನೆ. ಬೀರ ಎರಡು ಕೈ ಅಗಲಿಸುತ್ತಾನೆ, ಸಾಲದು ಅನ್ನಿಸಿ ಸುತ್ತ ನೋಡುತ್ತಾನೆ, ಕೈ ಇಳಿಸುತ್ತಾನೆ. ಸರ್ಪದ ಉದ್ದ ಓದುಗರಿಗೆ ಸಿಕ್ಕಿತು. ಫ್ಲ್ಯಾಶ್‌ಬ್ಯಾಕ್ ಅನ್ನುವುದು ಬೇಡವೇ ಬೇಡ.

ಹೆಜ್ಜೆ 5: 'ಬಂದ' ಅನ್ನುವಿರೋ, 'ಹೋದ' ಅನ್ನುವಿರೋ

ಮೊದಲ ವಾಕ್ಯದ ಕ್ರಿಯಾಪದದಲ್ಲೇ ಕತೆ ಯಾರದೆಂದು ತೀರ್ಮಾನವಾಗಿಬಿಡುತ್ತದೆ. 'ಬೀರ ಮನೆಗೆ ಬಂದ' ಅಂದರೆ ಹೇಳುವವರು ಜಗಲಿಯಲ್ಲಿ ಕೂತಿದ್ದಾರೆ. 'ಬೀರ ಮನೆಗೆ ಹೋದ' ಅಂದರೆ ಅವನ ಹಿಂದೆಯೇ ದಾರಿಯಲ್ಲಿದ್ದಾರೆ. ನಮ್ಮ ಭಾಷೆ ಈ ಎರಡು ಸಣ್ಣ ಪದಗಳಲ್ಲಿ ಇಷ್ಟು ದೊಡ್ಡ ಕೆಲಸ ಮಾಡುವಾಗ ದೃಷ್ಟಿಕೋನದ ಬಗ್ಗೆ ಪುಟಗಟ್ಟಲೆ ಓದಬೇಕಿಲ್ಲ. ಒಂದನ್ನು ಆರಿಸಿಕೊಂಡು ಕೊನೆಯವರೆಗೆ ಅಲ್ಲೇ ಇರಿ. ನನ್ನದು 'ಬಂದ.'

ಬಂದವನನ್ನು ಬಾಗಿಲಲ್ಲಿ ಏನು ಮಾಡುತ್ತಾರೆ? ನಿಮ್ಮ ಲೋಕ ಎಷ್ಟೇ ಕಲ್ಪಿತವಾಗಿರಲಿ, ಹೊಸ್ತಿಲಿಗೊಂದು ಪದ್ಧತಿ ಇರಲಿ. ನಮ್ಮಲ್ಲಿ ಕೈಕಾಲಿಗೆ ನೀರು, ಮಲೆನಾಡಿನ ಕಡೆ ಬೆಲ್ಲದ ಜೊತೆ ನೀರು, ದೊಡ್ಡ ಗಂಡಾಂತರ ದಾಟಿ ಬಂದರೆ ಅರಿಶಿನ ಸುಣ್ಣದ ಕೆಂಪುನೀರಿನ ಆರತಿ. ಪದ್ಧತಿ ಪೂರ್ತಿ ನಡೆದರೆ ದೃಶ್ಯ ಚಪ್ಪೆ. ಎಲ್ಲೋ ಒಂದು ಕಡೆ ಅದು ತಪ್ಪಲಿ. ಬೀರ ಬಂದಾಗ ನಡುಮಧ್ಯಾಹ್ನ, ಎಲ್ಲರೂ ಹೊಲದಲ್ಲಿ. ಬಾಗಿಲಿಗೆ ಚಿಲಕ. ತನ್ನ ಮನೆ ಜಗಲಿಯ ಮೇಲೆ ನೆಂಟನ ಹಾಗೆ ಮೂರು ಗಂಟೆ ಕೂರುತ್ತಾನೆ. ದಾರಿಹೋಕಳೊಬ್ಬಳು 'ಯಾರ್ನ ಕೇಳ್ಕೊಂಡ್ ಬಂದ್ರಿ?' ಅನ್ನುತ್ತಾಳೆ.

ಇಲ್ಲಿ ಅಳುಕನ್ನೂ ತರಬಹುದು. ವಾಲ್ಮೀಕಿಯ ರಾಮ ಲಂಕೆ ಗೆದ್ದು ಬರುವಾಗ ನೇರ ಅಯೋಧ್ಯೆಗೆ ನುಗ್ಗುವುದಿಲ್ಲ. ಹನುಮಂತನನ್ನು ಮುಂದೆ ಕಳಿಸುತ್ತಾನೆ: ನಾನು ಬರುತ್ತಿದ್ದೇನೆ ಅಂತ ಹೇಳಿದಾಗ ಭರತನ ಮುಖದ ಬಣ್ಣ, ನೋಟ, ಮಾತು ಹೇಗಿವೆ ನೋಡು, ಪಿತ್ರಾರ್ಜಿತ ರಾಜ್ಯ ಯಾರ ಮನಸ್ಸನ್ನು ಕೆಡಿಸದು? ರಾವಣನಿಗೆ ಹೆದರದವನು ತಮ್ಮನ ಮುಖಕ್ಕೆ ಅಳುಕುತ್ತಾನೆ. ಇಂಥ ಒಂದು ಕ್ಷಣ ನಿಮ್ಮ ವೀರನಿಗೂ ಇರಲಿ. ಊರ ಹೊರಗಿನ ಬಾವಿಯ ಹತ್ತಿರ ನಿಂತು ಮುಖ ತೊಳೆಯುವ ನೆಪದಲ್ಲಿ ತಡಮಾಡಲಿ.

ಮನೆ ಸುಳ್ಳು ಹೇಳಿದರೆ? 'ಕೆರೆಗೆ ಹಾರ' ಪದದಲ್ಲಿ ದಂಡಿನಲ್ಲಿದ್ದ ಮಾದೇವರಾಯ ಕೆಟ್ಟ ಕನಸು ಕಂಡು ಕುದುರೆ ಏರಿ ಬರುತ್ತಾನೆ. ಅಷ್ಟರಲ್ಲಿ ಅವನ ಹೆಂಡತಿ ಭಾಗೀರಥಿಯನ್ನು ನೀರಿಲ್ಲದ ಕೆರೆಗೆ ಬಲಿಕೊಟ್ಟಾಗಿದೆ. ಎಲ್ಲಿ ಅಂತ ಕೇಳಿದರೆ ತವರಿಗೆ ಹೋಗಿದ್ದಾಳೆ ಅನ್ನುತ್ತಾರೆ. ತವರಿಗೆ ಹೋದರೆ ಗೆಳತಿಯ ಮನೆ ತೋರಿಸುತ್ತಾರೆ. ಒಂದು ಮನೆ ಇನ್ನೊಂದು ಮನೆಗೆ ದೂಡುತ್ತಾ ಹೋಗುತ್ತದೆ. ಕೊನೆಗೆ ಅವನೂ ಅದೇ ಕೆರೆಗೆ ಹಾರುತ್ತಾನೆ. ನಮ್ಮ ಭಾಷೆಯಲ್ಲಿ ಮರಳಿ ಬಂದವನ ಕತೆ ಬರೆಯುವ ಯಾರೇ ಆದರೂ ಈ ಪದವನ್ನು ಒಮ್ಮೆ ಹಾಡಿಸಿ ಕೇಳಬೇಕು. ಉತ್ತರ ಕೊಡುವವರ ಮುಖವನ್ನು ಪದ ಒಮ್ಮೆಯೂ ವರ್ಣಿಸುವುದಿಲ್ಲ, ಆದರೂ ಅವರ ಮುಖ ನಮಗೆ ಕಾಣುತ್ತದೆ.

ಹೆಜ್ಜೆ 6: ಗುರುತು

ಈ ಬಗೆಯ ಕತೆಯ ಎದೆಗೂಡು ಇದು. ಬಂದವನು ಅವನೇ ಅಂತ ಮನೆಗೆ ಹೇಗೆ ಗೊತ್ತಾಗಬೇಕು? ದಯವಿಟ್ಟು ಮಚ್ಚೆ ಬೇಡ, ಅರ್ಧ ಮುರಿದ ಪದಕವೂ ಬೇಡ, ಬಾಲ್ಯದ ಹಾಡಂತೂ ಬೇಡವೇ ಬೇಡ. ನಮ್ಮ ಸಿನಿಮಾಗಳು ಇವನ್ನೆಲ್ಲ ಸವೆಸಿ ಮುಗಿಸಿವೆ.

ಒಡಿಸ್ಯೂಸನ ಕತೆ ಸಾವಿರಾರು ವರ್ಷದ ಮೇಲೂ ಪಾಠ ಹೇಳುವುದು ಇಲ್ಲೇ. ನಾಯಿ ಅವನನ್ನು ತಾನಾಗಿಯೇ ಗುರುತಿಸುತ್ತದೆ. ಮುದಿ ದಾದಿ ಯೂರಿಕ್ಲಿಯಾ ಕಾಲು ತೊಳೆಯುವಾಗ ಬೆರಳಿಗೆ ಸಿಕ್ಕ ಹಂದಿಯ ಕೋರೆಯ ಗಾಯದಿಂದ ತಿಳಿಯುತ್ತಾಳೆ. ಹೆಂಡತಿ ಪೆನಲಪಿ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಮಂಚವನ್ನು ಹೊರಗೆ ಹಾಕಿ ಅಂತ ಆಳಿಗೆ ಹೇಳುತ್ತಾಳೆ. ಅವನು ಸಿಡಿಮಿಡಿಗೊಂಡು, ಬೇರುಬಿಟ್ಟ ಆಲಿವ್ ಮರವನ್ನೇ ಕಾಲಾಗಿಸಿ ನಾನು ಕಟ್ಟಿದ ಮಂಚ ಅದು ಹೇಗೆ ಅಲ್ಲಾಡೀತು ಅನ್ನುತ್ತಾನೆ. ಆಗಲೇ ಅವಳಿಗೆ ನಂಬಿಕೆ. ಮುದಿ ಅಪ್ಪನಿಗೆ ತೋಟದ ಮರಗಳನ್ನು ಎಣಿಸಿ ಒಪ್ಪಿಸುತ್ತಾನೆ: ಚಿಕ್ಕವನಿದ್ದಾಗ ನೀನು ನನಗೆ ಕೊಟ್ಟದ್ದು ಹದಿಮೂರು ಪೇರು, ಹತ್ತು ಸೇಬು, ನಲವತ್ತು ಅಂಜೂರ. ಒಬ್ಬೊಬ್ಬರಿಗೆ ಒಂದೊಂದು ಗುರುತು, ಅವರವರ ನಂಟಿನ ಅಳತೆಗೆ ತಕ್ಕ ಹಾಗೆ. ಎಲ್ಲರಿಗೂ ಅದೇ ಗಾಯ ತೋರಿಸಿದ್ದರೆ ಅದು ಗುರುತಿನ ಚೀಟಿಯಾಗುತ್ತಿತ್ತು.

ಹಾಗಾಗಿ ಪ್ರತಿ ಪಾತ್ರಕ್ಕೂ ಕೇಳಿಕೊಳ್ಳಿ: ಇವರಿಬ್ಬರಿಗಷ್ಟೇ ಗೊತ್ತಿರುವುದು ಏನು? ತಮ್ಮ ಕರಿಯನಿಗೆ ಬುಗುರಿ. ಬೀರ ದಾರ ಸುತ್ತುವುದು ಎಡಗಡೆಯಿಂದ. ಅದನ್ನು ನೋಡಿ ಕರಿಯ ಏನೂ ಹೇಳದೆ ದನ ಕಟ್ಟಲು ಹೋಗುತ್ತಾನೆ. ಅವನಿಗೆ ಅಣ್ಣ ಸಿಕ್ಕ, ಹೊಲ ಪಾಲಾಗುತ್ತದೆ ಎಂಬುದೂ ಅದೇ ಕ್ಷಣ ಹೊಳೆಯಿತು. ಗುರುತಿನ ಜೊತೆ ಇಂಥದೊಂದು ಸಣ್ಣ ನಷ್ಟವೂ ಬರಲಿ.

ಅವ್ವನಿಗೆ ಉಪ್ಪು. ಬಂದ ದಿನ ಗಡಿಬಿಡಿಯಲ್ಲಿ ಮಜ್ಜಿಗೆಗೆ ಎರಡು ಸಲ ಉಪ್ಪು ಬಿದ್ದಿತ್ತು, ಅವನು ಮುಖ ಹಿಂಡದೆ ಗಟಗಟ ಕುಡಿದ. ಅವ್ವ ನೋಡಿದಳು. ಅಷ್ಟೇ ಬರೆದಿದ್ದೇನೆ, ನೋಡಿದಳು ಅಂತ.

ಹೆಜ್ಜೆ 7: ನೀನು, ನೀವು

ಊರು ವೀರನಿಂದ ಎಷ್ಟು ದೂರ ಸರಿದಿದೆ ಅಂತ ತೋರಿಸಲು ಕನ್ನಡಕ್ಕೆ ಒಂದು ಸರ್ವನಾಮ ಸಾಕು. ಜೊತೆಗೆ ಗೋಲಿ ಆಡಿದವನು 'ಯಾವಾಗ ಬಂದ್ರಿ?' ಅಂದರೆ ಮುಗಿಯಿತು. ಹಿಂದೆ ಇವನನ್ನು ಹೊಡೆದಿದ್ದ ಗೌಡ 'ಕೂತ್ಕೊಳಿ' ಅನ್ನುತ್ತಾನೆ, ಬೀರನಿಗೆ ಆ ಹೊಡೆತವೇ ವಾಸಿ ಅನ್ನಿಸುತ್ತದೆ. ಹಾಗೇ ಬಂದವನ ಮಾತೂ ಬದಲಾಗಿರಬೇಕು. ಅರಮನೆಯ ಮಾತು ನಾಲಿಗೆಗೆ ಅಂಟಿ, ತಿಳಿಯದೆ ಒಂದೆರಡು ಗ್ರಾಂಥಿಕ ಪದ ಉದುರಲಿ. ಅವನು 'ಜಲ' ಅಂದಾಗ ಸೊಸೆ ಸೆರಗು ಬಾಯಿಗಿಟ್ಟು ನಗುತ್ತಾಳೆ. ಮಾಯಾಲೋಕದವರಿಗೆ ಹಳಗನ್ನಡದ ವಾಸನೆ ಕೊಡಬಹುದು, ಒಂದೆರಡು ಸಾಲು ಮಾತ್ರ. ಪುಟಗಟ್ಟಲೆ ಕೊಟ್ಟರೆ ನಿಮ್ಮ ವ್ಯಾಕರಣ ಬಯಲಾಗುತ್ತದೆ. ಬರೆದ ಮೇಲೆ ಮಾತುಗಳನ್ನಷ್ಟೇ ಗಟ್ಟಿಯಾಗಿ ಓದಿ. ನಿಮ್ಮ ಊರಿನ ಆಡುಮಾತು ಬಿಟ್ಟು ಬೇರೆ ಸೀಮೆಯದನ್ನು ಹಾಕಿದ್ದರೆ ಆ ಕಡೆಯವರಿಗೊಮ್ಮೆ ಓದಿಸಿ.

ಹೆಜ್ಜೆ 8: ಎಲ್ಲಿ ನಿಲ್ಲಿಸುವುದು

ಎರಡು ಗುಂಡಿಗಳಿವೆ. ವೀರ ಮನೆಯಲ್ಲಿ ನೆಮ್ಮದಿಯಾಗಿ ನೆಲೆಸಿಬಿಡುವುದು ಒಂದು, ಮನೆ ಒಗ್ಗದೆ ಮತ್ತೆ ಕುದುರೆ ಏರಿ ಸೂರ್ಯಾಸ್ತದ ಕಡೆ ಹೋಗಿಬಿಡುವುದು ಇನ್ನೊಂದು. ಇವೆರಡನ್ನೂ ಓದುಗರು ಎರಡನೇ ಪುಟದಲ್ಲೇ ಊಹಿಸಿರುತ್ತಾರೆ. ಕತೆಯನ್ನು ಅವೆರಡಕ್ಕೂ ಮೊದಲೇ, ಅವನು ಇರುತ್ತಾನೋ ಹೋಗುತ್ತಾನೋ ಎಂಬುದು ಇನ್ನೂ ಮಾತಿಗೆ ಬಾರದ ಹೊತ್ತಿನಲ್ಲೇ ಬಿಡಿ. ಕರಡು ಮುಗಿದ ಮೇಲೆ ಕೊನೆಯ ಪ್ಯಾರಾ ಕೈಯಿಂದ ಮುಚ್ಚಿ ಓದಿ. ಕತೆ ನಿಂತರೆ ಅದನ್ನು ಹೊಡೆದುಹಾಕಿ, ಅದರ ಹಿಂದಿನದನ್ನೂ ಮುಚ್ಚಿ ನೋಡಿ. ನನ್ನದರಲ್ಲಿ ಹೀಗೆ ಒಂದೂವರೆ ಪುಟ ಹೋಯಿತು: ಅಳು, ತಪ್ಪೊಪ್ಪಿಗೆ, ಸರ್ಪದ ಮಳೆಯ ಗುಟ್ಟು ಬಯಲಾಗುವುದು, ತಮ್ಮ ಅಪ್ಪಿಕೊಳ್ಳುವುದು, ಎಲ್ಲ.

ಈಗ ಉಳಿದಿರುವುದು ಇಷ್ಟು. ಎರಡನೇ ರಾತ್ರಿ. ಅವ್ವ ಮುದ್ದೆ ಇಟ್ಟು ಸೊಪ್ಪಿನ ಸಾರು ಬಿಡುತ್ತಾಳೆ. ಸಾರಿಗೆ ಉಪ್ಪು ಹಾಕಿಲ್ಲ. ಕೋಳಿ ಬೇಡವೆಂದ ಬೇಸರಕ್ಕೆ ಮರೆತಳೋ, ಬೇಕಂತಲೇ ಬಿಟ್ಟಳೋ, ಹೇಳಿಲ್ಲ.

'ಉಪ್ಪು ಸಾಕಾಗದೇನೋ?'

'ಸರ್ಯಾಗದೆ ಕಣವ್ವ.'

ಅವ್ವ ಎದ್ದು ಹೋಗಿ ಗಡಿಗೆಯಿಂದ ಒಂದು ಚಿಟಿಕೆ ಉಪ್ಪು ತಂದು ಅವನ ತಣಿಗೆಯ ಅಂಚಿಗೆ ಇಡುತ್ತಾಳೆ. ಅವನು ಅದನ್ನೇ ನೋಡುತ್ತಾ ಕೂರುತ್ತಾನೆ. ಮೂಲೆಯ ಕುಕ್ಕೆಯಲ್ಲಿ ಕೋಳಿ ಏನೋ ಹೇಳಿಕೊಳ್ಳುತ್ತದೆ. ಏನು ಹೇಳಿತು ಅಂತ ಮೂರನೇ ಕರಡಿನವರೆಗೂ ಬರೆದಿಟ್ಟಿದ್ದೆ, ನಾಲ್ಕನೆಯದರಲ್ಲಿ ಆ ಸಾಲಿನ ಮೇಲೆ ಗೆರೆ ಎಳೆದೆ.